ಗೋಡೆಯ ಮೇಲಿನ ಆಕಳು

ಅನ್ನವ್ವ ಬಾಗಿಲ ಮುಂದೆ ಸಗಣಿ ನೀರಿನ ಥಳಿ ಹೊಡೆದು, ರಂಗೋಲಿ ಬಟ್ಟಲು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅಂಗಳದಲ್ಲಿ ಏಣಿಯೊಂದು ನಿಂತಿತ್ತು. ಏಣಿಯ ಮೇಲೆ ಹುಲಗೂರಿನ ಮೆಹಬೂಬ. ಟ್ರಂಕುಗಳ ಮೇಲೆ ಹೂಬಳ್ಳಿ ಬರೆದು ಹೊಟ್ಟೆ ಹೊರೆಯುವವನು. ಮನೆಯ ಮುಂಗೋಡೆಯ ಮೇಲೆ ಆಗಲೇ ಕೆಮ್ಮಣ್ಣಿನ ಬಣ್ಣದಲ್ಲಿ ಒಂದು ಆಕಳು ಮೂಡಿತ್ತು. ಕೊಂಬು, ಬೆನ್ನು, ಬಾಲ ಎಲ್ಲ ಆಗಿ, ಹೊಟ್ಟೆಯ ಕೆಳಗೆ ಕರುವಿಗೆಂದು ಜಾಗ ಬಿಟ್ಟಿದ್ದ.

"ಯಾರ ಹೇಳ್ಯಾರ ನಿನಗ ಇಲ್ಲಿ ಬರಿಯಾಕ?"

"ಗುಡ್ಡಪ್ಪಣ್ಣಾರ ಹೇಳ್ಯಾರಬೇ. ಕರು ಒಂದ ಉಳದೈತಿ. ನೀವು ರಂಗೋಲಿ ಹಾಕ್ರಿ, ನಾ ಬಣ್ಣ ಬೀಳಸೂದಿಲ್ಲ."

"ನಮ್ಮಣ್ಣ ತಕ್ಕಡಿ ಗುರುತಿನ ಮ್ಯಾಲೆ ನಿಂತಾನ. ಅವನ ತಂಗಿ ಮನಿ ಗ್ವಾಡಿ ಮ್ಯಾಲೆ ಆಕಳಾ ಬರೀತಿಯೇನು?"

"ನಿಮ್ಮಣ್ಣಾರ ತಕ್ಕಡೀನೂ ಸಂಜಿಗೆ ನಾನ ಬರಿಯಾಂವ, ಬಸ್‌ಸ್ಟ್ಯಾಂಡ್ ಗ್ವಾಡಿಗೆ. ಹೊಟ್ಟಿಗೆ ಯಾವ ಪಕ್ಷಾನೂ ಇಲ್ಲಬೇ," ಎಂದು ಮೆಹಬೂಬ ಕುಂಚವನ್ನು ಡಬ್ಬಿಯಲ್ಲಿ ಅದ್ದಿದ.

ಅದು ಎಪ್ಪತ್ತೆರಡನೇ ಇಸವಿ, ವಿಧಾನಸಭೆಯ ಚುನಾವಣೆ. ಮೈಸೂರು ರಾಜ್ಯದ ತುಂಬ ಎಲ್ಲಿ ನೋಡಿದರೂ ಆಕಳು-ಕರುವಿನದೇ ಗಾಳಿ. ಇಂದಿರಮ್ಮನ ಪಕ್ಷದಿಂದ ಒಂದು ಕಂಬ ನಿಲ್ಲಿಸಿದರೂ ಗೆದ್ದು ಬರುತ್ತದೆ ಎಂದು ಶಿಗ್ಗಾಂವಿಯ ಸಂತೆಯಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು. ಅಂಥ ಗಾಳಿಗೆ ಎದೆಗೊಟ್ಟು, ಸವಣೂರಿನಲ್ಲಿ ಕಾಳುಕಡಿಯ ಅಂಗಡಿ ಇಟ್ಟಿದ್ದ ಅನ್ನವ್ವನ ಅಣ್ಣ ಪರಮೇಶಪ್ಪ ಯಾವ ಪಕ್ಷದ ಹಂಗೂ ಇಲ್ಲದೆ ನಿಂತಿದ್ದ. ತಕ್ಕಡಿ ಹಿಡಿಯುವವನಿಗೆ ತಕ್ಕಡಿಯ ಗುರುತೇ ಸಿಕ್ಕಿತೆಂದು ನಕ್ಕವರು ಬಹಳ, ಜೊತೆಗೆ ನಡೆದವರು ಕಡಿಮೆ.

ಅನ್ನವ್ವನ ಗಂಡ ಗುಡ್ಡಪ್ಪನಿಗೆ ಭಾವಮೈದುನನ ಮೇಲೆ ಸಿಟ್ಟೇನೂ ಇರಲಿಲ್ಲ. ಹೊಲದ ಬಾವಿಯಲ್ಲಿ ನೀರಿತ್ತು, ಪಂಪಿಗೆ ಕರೆಂಟಿರಲಿಲ್ಲ. ಆಕಳ ಪಕ್ಷದ ಊರ ಮುಖಂಡ ಹೂವಪ್ಪ, ತಮ್ಮವರು ಆರಿಸಿ ಬಂದ ಕೂಡಲೇ ಕರೆಂಟಿನ ಕಂಬ ಹಾಕಿಸುತ್ತೇನೆಂದು ಬಾವಿಯ ದಂಡೆಯಲ್ಲೇ ನಿಂತು ಮಾತು ಕೊಟ್ಟಿದ್ದ. ಗುಡ್ಡಪ್ಪ ಗೋಡೆ ಕೊಟ್ಟ.

ಅನ್ನವ್ವನ ದನಿ ಕೇಳಿ ಅತ್ತೆ ಭರಮವ್ವ ದನದ ಕೊಟ್ಟಿಗೆಯಿಂದ ಬಂದಳು. ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಗೋಡೆ ನೋಡಿದಳು. ಕಣ್ಣಿಗೆ ಪೊರೆ ಬಂದಿದ್ದರೂ ಆಕಳು ಗುರುತಾಯಿತು.

"ಬಲಕ್ಕ ಮುಖ ಮಾಡೈತಿ. ಚೊಲೋ ಆತು," ಎಂದು ಎರಡೂ ಕೈ ಜೋಡಿಸಿದಳು. "ಅನ್ನವ್ವ, ಅರಿಷಿಣ ಕುಂಕುಮ ತಾ."

"ಅತ್ತೀ, ಅದು ಇಲೆಕ್ಷನ್ ಚಿತ್ರ."

"ಆಕಳ ಐತೋ ಇಲ್ಲೋ?"

"ಐತಿ."

"ಮತ್ತ ತಾ."

ಆ ಮನೆತನದಲ್ಲಿ ಆಕಳೆಂದರೆ ಹಾಗೆ. ಮೊದಲ ರೊಟ್ಟಿ ಹಂಚಿನಿಂದ ಇಳಿದರೆ ಅದು ಕೊಟ್ಟಿಗೆಯ ಗೌರಿಗೆ. ಊರಲ್ಲಿ ಎಲ್ಲರೂ ದನಕ್ಕೆ ಬೇನೆ ಬಂದರೆ ಕುಡುಗೋಲು ಕಾಯಿಸಿ ಬರಿ ಹಾಕುತ್ತಿದ್ದರು. ಭರಮವ್ವನ ಮನೆಯಲ್ಲಿ ಬರಿ ಇರಲಿಲ್ಲ. ಬರಿ ಇರಲಿ, ದೃಷ್ಟಿಗೆಂದು ಇಡುವ ಕಾಡಿಗೆಯ ಬೊಟ್ಟು ಕೂಡ ಇರಲಿಲ್ಲ. ಆಕಳ ಮೈಮೇಲೆ ಕರಿದು ಬಿದ್ದರೆ ಮನೆಯ ಮೇಲೆ ಬಿದ್ದಂತೆ ಎಂದು ಭರಮವ್ವನಿಗೆ ಅವಳ ಅತ್ತೆ ಹೇಳಿದ್ದಳು, ಅವಳಿಗೆ ಅವಳ ಅತ್ತೆ. ಚಿತ್ರ ಬರೆದ ದಿನದಿಂದ ಗೌರಿಗೆ ರೊಟ್ಟಿ ಕೊಟ್ಟ ಕೈಯಿಂದಲೇ ಭರಮವ್ವ ಗೋಡೆಯ ಆಕಳಿಗೂ ದಿನಾ ಅರಿಷಿಣ ಹಚ್ಚತೊಡಗಿದಳು.

*

ಮುಂದಿನ ವಾರ ಪರಮೇಶಪ್ಪ ಬಾಡಿಗೆ ಜೀಪಿನಲ್ಲಿ ಪ್ರಚಾರಕ್ಕೆ ಬಂದ. ಜೀಪಿನ ನೆತ್ತಿಯ ಮೇಲಿನ ಕಹಳೆ ದೂರದಿಂದಲೇ ಕೂಗುತ್ತಿತ್ತು.

"ಆಕಳ ಬುಡಕ ಕಣ್ಣಾಡ್ಸು! ತಕ್ಕಡಿ ಮ್ಯಾಲೆ ಶಿಕ್ಕಾ ಒತ್ಸು!"

ಮತಪತ್ರದಲ್ಲಿ ಎಲ್ಲಕ್ಕೂ ಮೇಲೆ ಆಕಳು-ಕರು, ಅದರ ಕೆಳಗಿನ ಸಾಲಿಗೇ ತಕ್ಕಡಿ ಬಂದಿತ್ತು. ಓದು ಬಾರದ ಹೆಂಗಸರಿಗೆ ನೆನಪು ಉಳಿಯಲೆಂದು ಪರಮೇಶಪ್ಪನ ಕಡೆಯವರು ಹಾಗೆ ಹಾಡು ಕಟ್ಟಿದ್ದರು. ಊರ ಹುಡುಗರು ಹುಡುಗಿಯರು ಜೀಪಿನ ಧೂಳಿನಲ್ಲಿ ಓಡುತ್ತ ಅದನ್ನೇ ಕೂಗಿದರು. ಎಲ್ಲರಿಗಿಂತ ಜೋರು ದನಿ ಅನ್ನವ್ವನ ಮಗಳು ಶಾರವ್ವನದು. ನಾಲ್ಕನೇ ಇಯತ್ತೆಯ ಹುಡುಗಿ, ಕೂಗುತ್ತಿದ್ದವನು ಸೋದರಮಾವ. ದನಿ ತಗ್ಗಿಸಲು ಅವಳಿಗೆ ಕಾರಣವೇ ಇರಲಿಲ್ಲ.

ಜೀಪು ಮನೆಯ ಮುಂದೆ ನಿಂತಿತು. ಪರಮೇಶಪ್ಪ ಕೆಳಗಿಳಿದ. ಗೋಡೆಯ ಮೇಲೆ ಆಕಳು, ಅದರ ಹಣೆಯ ಮೇಲೆ ಆ ದಿನದ ಹಸಿ ಕುಂಕುಮ. ನೋಡುತ್ತ ಹಾಗೇ ನಿಂತ.

ಅನ್ನವ್ವ ತಂಬಿಗೆಯಲ್ಲಿ ನೀರು ತಂದಳು. "ಒಳಗ ಬಾ ಅಣ್ಣ. ಚಾ ಇಡ್ತೇನಿ."

"ಬ್ಯಾಡ ತಂಗಿ."

"ಕಾಲಾದ್ರೂ ತೊಳಕೋ."

"ಸ್ವಂತ ತಂಗಿ ಮನಿ ಗ್ವಾಡೀನ ನನಗಿಲ್ಲ. ಇನ್ನ ಊರ ಮಂದಿನ್ನ ಯಾವ ಬಾಯಿಲೆ ಕೇಳ್ಲಿ? ಪೂಜಿ ಬ್ಯಾರೆ ಮಾಡಾಕತ್ತೀರಿ."

"ಅದು ಅತ್ತಿಯವ್ರು..."

"ಯಾರರ ಆಗ್ಲಿ." ಪರಮೇಶಪ್ಪ ತಂಬಿಗೆ ಮುಟ್ಟಲಿಲ್ಲ. "ಉಗಾದಿ ಆದ ಮ್ಯಾಲೆ ಶಾವಿಗಿಗೆ ಕರಿಯಾಕ ಬರ್ತಿದ್ದೆ ವರ್ಷಾ. ಈ ಸಲ ನೋಡ್ತೇನಿ. ತಂಗಿ ಯಾರಿಗೆ ಒತ್ತಿದ್ಳು ಅನ್ನೂದು ತಿಳದ ಮ್ಯಾಲೆ ಬಂಡಿ ಹೂಡ್ತೇನಿ."

ಜೀಪು ಹೋಯಿತು. ಅನ್ನವ್ವ ತಂಬಿಗೆಯ ನೀರನ್ನು ತುಳಸಿಗೆ ಸುರಿದಳು.

ಶಾವಿಗೆಯೆಂದರೆ ಅನ್ನವ್ವನಿಗೆ ವರ್ಷದಲ್ಲಿ ಸಿಗುವ ತವರು ಅಷ್ಟೇ. ತಾಯಿ ಮಂಜವ್ವ ಸವಣೂರಿನಲ್ಲಿ ಮಗನ ಮನೆಯಲ್ಲಿದ್ದಳು. ಕೈ ನಡುಗಲು ಶುರುವಾದ ಮೇಲೆ ಅವಳಿಂದ ಎಳೆ ಎಳೆಯಲು ಆಗುತ್ತಿರಲಿಲ್ಲ. ಹಿಟ್ಟು ನಾದಿಕೊಂಡು ಕಾಯುತ್ತಿದ್ದಳು. ಮಗಳು ಹೋಗಿ ಮಣೆಯ ಮುಂದೆ ಕೂತರೆ ಶಾವಿಗೆ, ಇಲ್ಲದಿದ್ದರೆ ಇಲ್ಲ. ಹೊಸೆಯುತ್ತ, ಒಣ ಹಾಕುತ್ತ ತಾಯಿ ಮಗಳು ವರ್ಷದ ಮಾತನ್ನೆಲ್ಲ ಆಡಿ ಮುಗಿಸುತ್ತಿದ್ದರು.

*

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಗುಡ್ಡಪ್ಪನಿಗೆ ಎಲ್ಲ ಸುದ್ದಿ ಮುಟ್ಟಿತ್ತು.

"ನಿಮ್ಮಣ್ಣ ನೀರು ಮುಟ್ಟಲಿಲ್ಲಂತ."

"ಹೆಂಗ ಮುಟ್ತಾನ? ಉಗಾದಿಗೆ ಹೆಂಗೂ ಸುಣ್ಣ ಬಳೀಬೇಕು. ಈಗ ಬಳದ್ರ ಆಗೂದಿಲ್ಲೇನು?"

ರೊಟ್ಟಿ ಮುರಿಯುತ್ತಿದ್ದ ಭರಮವ್ವ ತಲೆ ಎತ್ತಿದಳು. "ಆಕಳ ಮುಖಕ್ಕ ಕುಂಚ ಎಳೀತಿಯೇನವ್ವ? ಎಳಿ. ಮದಲ ನನ್ನ ಮುಖಕ್ಕ ಬಳಿ, ಆಮ್ಯಾಲೆ ಅದಕ್ಕ ಬಳಿವಂತಿ."

"ಚಿತ್ರರೀ ಅತ್ತಿ ಅದು."

"ಜಗಲಿ ಮ್ಯಾಲಿನ ದೇವರೂ ಚಿತ್ರಾನ. ಅದಕ್ಕೂ ಬಳಿ."

ಗುಡ್ಡಪ್ಪ ಪುಂಡಿಪಲ್ಯ ನೀಡಿಸಿಕೊಂಡ. "ಸುಣ್ಣದ ಮಾತು ಬಿಡ್ರಿ. ಈ ಮನ್ಯಾಗಿನ ಮೂರೂ ಓಟು ಆಕಳಿಗೆ. ಹೂವಪ್ಪಗ ಮಾತು ಕೊಟ್ಟೇನಿ. ಬಾವ್ಯಾಗ ನೀರಿಟಗೊಂಡು ಬೆಳಿ ಒಣಗಿಸಿ ಕುಂಡ್ರಲಿಕ್ಕೆ ನನ್ನಿಂದ ಆಗೂದಿಲ್ಲ."

"ಆಕಳಿಗಲ್ದ ಮತ್ತ್ಯಾರಿಗೆ ಹಾಕ್ತಾರೋ?" ಎಂದಳು ಭರಮವ್ವ. "ಅಲ್ಲಪಾ, ಅಲ್ಲಿ ಶಿಕ್ಕಾ ಒತ್ತೂದಂದ್ರೇನು? ಕಾಯಿಸಿ ಒತ್ತೂದೇನು?"

"ಕಾಯಿಸೂದಿಲ್ಲಬೇ. ಮಸಿ ಹಚ್ಚಿದ ಶಿಕ್ಕಾ. ಗುರುತಿನ ಮ್ಯಾಲೆ ಇಟ್ಟು ಒತ್ತೂದು."

"ಕರೀ ಮಸಿ?"

"ಯಾವುದೋ ಒಂದು ಮಸಿ. ಉಣ್ಣು ನೀ."

ಮೂಲೆಯಲ್ಲಿ ಕೂತಿದ್ದ ಶಾರವ್ವ ತುತ್ತು ಕಲಸುತ್ತ ತನ್ನಷ್ಟಕ್ಕೆ ಗುನುಗಿದಳು. "ಆಕಳ ಬುಡಕ ಕಣ್ಣಾಡ್ಸು..."

"ಏಯ್!" ಎಂದ ಗುಡ್ಡಪ್ಪ. "ಆ ಹಾಡು ಈ ಮನ್ಯಾಗ ಕೇಳಿಸಬಾರದು."

*

ಮತದಾನದ ದಿನ ಬೆಳಗ್ಗೆ ಅನ್ನವ್ವ ಎದ್ದು ಬಚ್ಚಲಿಗೆ ಹೋದರೆ ಹಂಡೆ ತುಂಬಿತ್ತು. ಅಡುಗೆಮನೆಯ ಕೊಡಗಳೂ ತುಂಬಿದ್ದವು. ಹಗ್ಗ ಎಳೆದು ಎಳೆದು ಅವಳ ಅಂಗೈಯಲ್ಲಿ ಬೊಬ್ಬೆ ಬಂದಿದ್ದನ್ನು ಗುಡ್ಡಪ್ಪ ಯಾವಾಗಲೋ ನೋಡಿದ್ದ. ಸೇದಿ ತಂದವನು ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ. ಓಟಿನ ಬಗ್ಗೆ ಮಾತೆತ್ತಲಿಲ್ಲ.

ಪಕ್ಕದ ಮನೆಯ ರೋಶನಬಿ ಬಂದು ಕರೆದಳು. "ಬರ್ರಿ, ಬಿಸಲೇರೂದರಾಗ ಮುಗಿಸಿ ಬರೂಣು." ಬಳೆ ಮಾರುವ ಹೆಂಗಸು ಅವಳು; ಸುತ್ತಿನ ಊರುಗಳಲ್ಲಿ ಅವಳು ಹಿಡಿಯದ ಕೈ ಇರಲಿಲ್ಲ. ಅತ್ತೆ, ಸೊಸೆ, ರೋಶನಬಿ ಸಾಲೆಯ ಕಡೆ ನಡೆದರು. ಶಾರವ್ವ ಹಿಂದೆ ಓಡಿ ಬಂದಳು.

ಸಾಲೆಯ ಕೋಣೆಯಲ್ಲಿ ಅನ್ನವ್ವನ ಬೆರಳಿಗೆ ಶಾಯಿ ಹಚ್ಚಿ, ಮತಪತ್ರ, ಶಿಕ್ಕೆ ಕೊಟ್ಟರು. ಗೋಣಿತಟ್ಟಿನ ಮರೆಯಲ್ಲಿ ಅವಳು ಕಾಗದ ಬಿಚ್ಚಿದಳು. ಮೇಲೆ ಆಕಳು, ಅದರ ಕೆಳಗೆ ತಕ್ಕಡಿ. ಹೊರಗೆ ಯಾರೋ ಕೆಮ್ಮಿದರು. ಕಾಗದ ಹಿಡಿದ ಅಂಗೈಯಲ್ಲಿ ಬೊಬ್ಬೆ ಚುರುಗುಟ್ಟಿತು. ಅವಳು ಸ್ವಲ್ಪ ಹೊತ್ತು ನಿಂತು, ಆಕಳ ಹೊಟ್ಟೆಯ ಮೇಲೆ ಶಿಕ್ಕೆ ಇಟ್ಟು ಒತ್ತಿದಳು. ಮಡಚಿ ಪೆಟ್ಟಿಗೆಗೆ ಹಾಕಿದಳು. ಅಷ್ಟೇ ಕೆಲಸ; ಒಂದು ರೊಟ್ಟಿ ತಟ್ಟುವಷ್ಟು ಹೊತ್ತೂ ಹಿಡಿಯಲಿಲ್ಲ.

ಭರಮವ್ವ ಹೊರಬರಲು ತಡವಾಯಿತು. ಬಂದಾಗ ಅವಳ ಮುಖದಲ್ಲಿ ಪೂಜೆ ಮುಗಿಸಿದ ಕಳೆಯಿತ್ತು.

"ಹಾಕಿದ್ರೇನ್ರಿ ಆಕಳಿಗೆ?" ಎಂದು ದಾರಿಯಲ್ಲಿ ರೋಶನಬಿ ನಗುತ್ತ ಕೇಳಿದಳು.

"ಹಾಕಿದೆ. ಆದ್ರ ನಿಮ್ಮಂಗ ಕಣ್ಣು ಮುಚಗೊಂಡು ಹಾಕಲಿಲ್ಲಬೇ. ಎಲ್ಲಾರೂ ಪಾಪ, ಅದರ ಮೈಮ್ಯಾಲೆನ ಒತ್ತಿರಬೇಕು. ಅಷ್ಟು ಕರೀ ಮಸಿ! ನಾ ಒತ್ತಲಿಲ್ಲ. ಅದರ ಕಾಲ ಬುಡಕ, ಎರಡು ಬೆರಳು ಕೆಳಗ ಇಳಿಸಿ ಒತ್ತಿದೆ. ಕಾಲಿಗೆ ಹೂವು ಏರಿಸಿದಂಗ. ಕಣ್ಣು ಕಾಣೂದಿಲ್ಲ ಅಂತ ಕಾಗದ ಮೂಗಿನ ಹಂತೇಕ ಹಿಡದು ನೋಡಿದೆ. ಆಕಳಿಗೆ ಒಂದು ಹನಿ ಹತ್ತಿರಲಿಲ್ಲ."

ರೋಶನಬಿಯ ನಗು ಅಲ್ಲೇ ನಿಂತಿತು. ಅನ್ನವ್ವನ ಮುಖ ನೋಡಿದಳು. ಅನ್ನವ್ವ ಬೇಡವೆಂಬಂತೆ ಕಣ್ಣು ಮುಚ್ಚಿ ತೆರೆದಳು.

"ಚೊಲೋ ಮಾಡಿದ್ರಿ," ಎಂದಳು ರೋಶನಬಿ, ಸೆರಗು ಬಾಯಿಗೆ ಒತ್ತಿಕೊಂಡು.

ಶಾರವ್ವ ನಿಂತೇ ಬಿಟ್ಟಿದ್ದಳು. ಅವಳ ತುಟಿ ಸದ್ದಿಲ್ಲದೆ ಮಾವನ ಹಾಡು ಹೇಳಿಕೊಳ್ಳುತ್ತಿತ್ತು. "ಅವ್ವಾ, ಮತ್ತ ಅಜ್ಜಿ..."

ಅನ್ನವ್ವ ಮಗಳ ರಟ್ಟೆ ಹಿಡಿದಳು. "ಮುಳ್ಳು ಅದಾವ. ನೆಲಾ ನೋಡಿ ನಡಿ."

*

ರೇಡಿಯೊ ಇದ್ದದ್ದು ಹೂವಪ್ಪನ ಮನೆಯಲ್ಲಿ. ಎಣಿಕೆಯ ದಿನ ಗುಡ್ಡಪ್ಪ ಅಲ್ಲೇ ಕೂತಿದ್ದು, ಮೈತುಂಬ ಗುಲಾಲು ಬಳಿಸಿಕೊಂಡು ಮನೆಗೆ ಬಂದ. ರಾಜ್ಯದಲ್ಲಿ ಯಾವ ಊರ ಹೆಸರು ಓದಿದರೂ ಆಕಳು-ಕರು. ಇಲ್ಲಿಯೂ ಆಕಳೇ. ಪರಮೇಶಪ್ಪನ ಠೇವಣಿ ಹೋಗಿತ್ತು.

"ಕಂಬ ಬಂದಂಗ ತಿಳಿ!" ಎಂದು ಅವನು ಮಗಳನ್ನು ಎತ್ತಿ ತಿರುಗಿಸಿದ. ಅನ್ನವ್ವ ಅವನ ಅಂಗಿಯನ್ನು ನೀರಲ್ಲಿ ನೆನೆ ಹಾಕಿದಳು. ಗುಲಾಲು ಬಿಡಲಿಲ್ಲ. ಎರಡನೇ ಸಲ ತಿಕ್ಕುವಾಗ ಅಣ್ಣನ ನೆನಪಾಗಿ ಸ್ವಲ್ಪ ಅತ್ತಳು. ಯಾರೂ ನೋಡಲಿಲ್ಲ.

ಕಂಬಗಳು ಬಂದವು. ಬಂದವು ಆಚೆಯ ಊರಿಗೆ. ಗುಡ್ಡಪ್ಪ ಕೇಳಲು ಹೋದರೆ ಹೂವಪ್ಪ ಅಡಕೆ ಕತ್ತರಿಸುತ್ತ, "ಏನು ಮಾಡೂದಪಾ ಗುಡ್ಡಪ್ಪ? ನಿಮ್ಮ ಮನ್ಯಾಗಿಂದ ಒಂದು ಓಟು ತಕ್ಕಡಿಗೆ ಬಿದ್ದೈತಂತ ಆರಿಸಿ ಬಂದ ಸಾಹೇಬ್ರ ಕಿವಿಗೆ ಹೋಗೇತಿ," ಎಂದ. ಅದು ಯಾರ ಕಿವಿಗೆ ಹೋಗಲೂ ಸಾಧ್ಯವಿರಲಿಲ್ಲ. ಎಣಿಸುವ ಮುಂಚೆ ಎಲ್ಲ ಊರಿನ ಚೀಟಿಗಳನ್ನೂ ಕಲಸಿಬಿಟ್ಟಿದ್ದರು. ಕಂಬ ಕೊಡದಿರಲು ಹೂವಪ್ಪನಿಗೆ ಒಂದು ಮಾತು ಬೇಕಿತ್ತು, ಕೈಗೆ ಸಿಕ್ಕ ಮಾತು ಆಡಿದ. ಅದು ಖರೆ ಮಾತಾಗಿತ್ತೆಂದು ಅವನಿಗೂ ಗೊತ್ತಿರಲಿಲ್ಲ.

ಗುಡ್ಡಪ್ಪ ಮನೆಗೆ ಬಂದು ಕೈ ತೊಳೆದು ಕೂತ. ಅನ್ನವ್ವ ರೊಟ್ಟಿ ಹಾಕಲು ಬಾಗಿದಳು. ಅವನು ತಾಟು ಹಿಂದೆ ಸರಿಸಿದ.

"ಅವ್ವಾ, ನೀ ಬಂದು ನೀಡು."

"ಯಾಕೋ? ಆಕಿ ಕೈಗೆ ಏನಾಗೈತಿ?"

"ಅಣ್ಣಗ ಓಟು ಒತ್ತಿದ ಕೈ ಅದು. ಒಂದು ಓಟಿನಾಗ ನನ್ನ ಬಾವಿ ಹೋತು."

ಭರಮವ್ವ ಸೊಸೆಯ ಕಡೆ ತಿರುಗಿದಳು. "ತವರಿನ ಹುಚ್ಚು ಇರಬೇಕವ್ವ, ಇಷ್ಟಿರಬಾರದು. ನನ್ನ ನೋಡಿ ಕಲಿ. ಕಣ್ಣು ಕಾಣದಿದ್ರೂ ಮನಿತನಕ್ಕ ಒತ್ತಿ ಬಂದೆ."

ಅನ್ನವ್ವ ರೊಟ್ಟಿಯ ಬುಟ್ಟಿಯನ್ನು ಅತ್ತೆಯ ಮುಂದೆ ಇಟ್ಟು ಒಲೆಯ ಹತ್ತಿರ ಹೋಗಿ ಕೂತಳು. ಅಂದಿನಿಂದ ಊಟ ಹಾಗೇ ನಡೆಯಿತು. ಅಡುಗೆ ಅನ್ನವ್ವನದು, ನೀಡುವುದು ಭರಮವ್ವ. ನೀರು ಸೇದುವುದು ಮತ್ತೆ ಅನ್ನವ್ವನ ಪಾಲಿಗೆ ಬಂತು.

ರೋಶನಬಿ ತಾಳಲಾರದೆ ಬಾವಿಕಟ್ಟೆಯಲ್ಲಿ ಹಿಡಿದಳು. "ಹೇಳಿಬಿಡ್ರೆಲ್ಲ. ಬಾಯಿಲ್ಲೇನು?"

"ಮುದುಕಿಗೆ ಜೀವ ಹೋದಂಗಾಕೈತಿ ರೋಶನಬಿ. ಊರ ತುಂಬ ಎದಿ ತಟಗೊಂಡು ಅಡ್ಡಾಡಾಕತ್ತಾಳ. ನಾಳೆ ಮಗ ಆಕಿ ಕೈಯಾಗೂ ಉಣ್ಣೂದಿಲ್ಲ. ಆಮ್ಯಾಲೆ ಯಾರು ನೀಡಬೇಕು?"

"ನಿಮ್ಮಣ್ಣಗರ ಹೇಳ್ರಿ."

"ಏನಂತ? ನಾ ನಿನಗ ಒತ್ತಲಿಲ್ಲ, ನಮ್ಮತ್ತಿ ಒತ್ಯಾಳಂತ?" ಅನ್ನವ್ವನಿಗೆ ನಗು ಬಂತು. ರೋಶನಬಿಗೂ ಬಂತು. ಇಬ್ಬರೂ ಕೊಡ ಕೆಳಗಿಟ್ಟು ನಕ್ಕರು. ಆಮೇಲೆ ಕೊಡ ಹೊತ್ತುಕೊಂಡು ಮನೆಗೆ ಹೋದರು.

ಶಾರವ್ವ ಮಾತ್ರ ತಾಯಿಯ ಸೆರಗು ಬಿಡಲಿಲ್ಲ. ಹಿಟ್ಟು ಸಾಣಿಸುವಾಗ, ಪಾತ್ರೆ ಬೆಳಗುವಾಗ, ತಲೆ ಹಿಕ್ಕಿಸಿಕೊಳ್ಳುವಾಗ ಅದೇ ಮಾತು.

"ಅವ್ವಾ, ಒಂದು ಕೇಳ್ಲಿ ಅಜ್ಜಿನ್ನ?"

"ಬ್ಯಾಡ."

"ಒಂದ ಮಾತು."

"ಬ್ಯಾಡ ಅಂದ್ನೆಲ್ಲ. ಅಜ್ಜಿ ನಿನಗ ದಿನಾ ಕೆನಿ ಮಸರು ಹಾಕತಾಳೋ ಇಲ್ಲೋ? ಸುಮ್ನಿರು."

ಉಗಾದಿ ಬಂತು. ಮನೆಗೆಲ್ಲ ಸುಣ್ಣ ಬಳಿದರು. ಆಕಳಿದ್ದ ಜಾಗ ಬಿಟ್ಟು ಬಳಿದದ್ದರಿಂದ ಬೆಳ್ಳನೆಯ ಗೋಡೆಯ ನಡುವೆ ಅದು ಮೊದಲಿಗಿಂತ ಎದ್ದು ಕಂಡಿತು. ಬೇವು-ಬೆಲ್ಲ ಹಂಚಿದ್ದೂ ಭರಮವ್ವನೇ. ಸವಣೂರಿನಿಂದ ಬಂಡಿ ಬರಲಿಲ್ಲ.

*

ಬಂಡಿ ಬಂದದ್ದು ಬಿಸಿಲು ಪೂರಾ ಏರಿದ ಮೇಲೆ, ಒಂದು ಮಧ್ಯಾಹ್ನ. ಮನೆಯವರು ಉಣ್ಣಲು ಕೂತಿದ್ದರು. ಪರಮೇಶಪ್ಪ ಒಳಗೆ ಬರದೆ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತ. ಸೋತ ಮೇಲೆ ಇಳಿದುಹೋಗಿದ್ದ. ಗುಡ್ಡಪ್ಪ ಕೈಯಲ್ಲಿದ್ದ ತುತ್ತು ಹಿಡಿದೇ ಇದ್ದ.

"ಬರ್ರಿ ಪರಮೇಶಪ್ಪನವರ. ಉಣ್ಣಾಕ ಏಳ್ರಿ."

"ಉಣ್ಣಾಕ ಬಂದಿಲ್ರಿ. ನಮ್ಮವ್ವ ಶಾವಿಗಿ ಮಣಿ ತೊಳದು ಮುಂದಿಟಗೊಂಡು ಕುಂತಾಳ. ಹಿಟ್ಟು ನಾದೂದಿಲ್ಲ, ಬ್ಯಾರೆಯವರಿಗೆ ಮುಟ್ಟಗೊಡೂದಿಲ್ಲ. ಮಗಳ ಬರ್ಲಿ ಅಂತಾಳ. ಅದಕ್ಕ ಬಂದೇನಿ."

ಅನ್ನವ್ವ ಒಲೆಯ ಹತ್ತಿರದಿಂದ ಎದ್ದು ನಡುಮನೆಯ ಬಾಗಿಲಿಗೆ ಬಂದಳು.

"ಕರಕೊಂಡು ಹೋಗೂದೇನೂ ದೊಡ್ಡದಲ್ಲ," ಎಂದ ಪರಮೇಶಪ್ಪ, ಗೋಡೆಯ ಕಡೆ ಬೆನ್ನು ಮಾಡಿ. "ಒಂದ ಮಾತು ಹೇಳ್ಲಿ. ಅಣ್ಣಾ, ನಾ ನಿನಗ ಒತ್ತಿದ್ದೆ ಅಂತ. ಸೋತದ್ದು ಸೋತೆ, ಹೋತು. ತಂಗೀನೂ ಕೈ ಬಿಟ್ಟಳೋ ಇಲ್ಲೋ ಅಷ್ಟು ತಿಳದ್ರ ಸಾಕು. ಹೇಳಿ ಬಂಡಿ ಹತ್ಲಿ."

"ಹಾಂ, ಹೇಳ್ಲಿ," ಎಂದ ಗುಡ್ಡಪ್ಪ. "ಊರಿಗೆಲ್ಲ ಗೊತ್ತಿದ್ದದ್ದು ಆಕಿ ಬಾಯಿಲೆನೂ ಬರ್ಲಿ. ಹೇಳಿ ಬಂಡಿ ಹತ್ತಿದ್ರ ಮಾತ್ರ ಶಾವಿಗಿ ಮುಗದ ಮ್ಯಾಲೆ ಅಲ್ಲೇ ಇರ್ಲಿ. ತಿರುಗಿ ಬರೂದು ಬ್ಯಾಡ."

"ಅಂದ್ರೇನ್ರಿ?"

"ಅಂದ್ರ ಅಷ್ಟ. ನಮ್ಮ ಬಾವಿಗೆ ಕಲ್ಲು ಹಾಕಿದಾಕಿ ನಮ್ಮನ್ಯಾಗ್ಯಾಕ?"

"ನಿಮ್ಮ ಗ್ವಾಡಿ ಮ್ಯಾಲೆ ಇನ್ನೂ ಕುಂಕುಮ ಆರಿಲ್ಲ, ನನಗ ಒತ್ಯಾಳಂತ ಹೆಂಗ ನಂಬ್ಲಿ ನಾ?"

"ನಾ ಹೆಂಗ ನಂಬಿದೆ, ಹಂಗ ನಂಬ್ರಿ."

ಇಬ್ಬರೂ ಅನ್ನವ್ವನ ಕಡೆ ನೋಡಿದರು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹೂಂ ಅಂದರೆ ಮನೆ ಹೋಗುತ್ತಿತ್ತು, ಉಹುಂ ಅಂದರೆ ತವರು. ಕೈಗೆ ಹತ್ತಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

"ಯಾಕ ಬಾಯಿ ಬರವಲ್ದು?" ಎಂದಳು ಭರಮವ್ವ, ಸಾರಿನ ಸೌಟು ಹಿಡಿದುಕೊಂಡೇ. "ಖರೇ ಮಾಡಿದಾಕಿ ಹಿಂಗ ನಿಂದ್ರತಾಳೇನು? ನನ್ನ ಕೇಳ್ರಿ, ಹೇಳ್ತೇನಿ. ಹತ್ತು ಮಂದ್ಯಾಗ ನಿಂತು ಹೇಳ್ತೇನಿ. ನಾ ಆಕಳ ಮೈಗೆ ಮಸಿ ಹತ್ತಗೊಡಲಿಲ್ಲ. ಅದರ ಕಾಲ ಬುಡಕ ನೋಡಿ ಒತ್ತಿ ಬಂದೇನಿ!"

ಪರಮೇಶಪ್ಪ ತಲೆ ಎತ್ತಿದ. ಗುಡ್ಡಪ್ಪನ ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಯಿತು.

ಅನ್ನವ್ವ ಮಗಳ ಕಡೆ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದಳು. ಶಾರವ್ವ ಕೆನೆ ಮೊಸರಿನ ಬಟ್ಟಲನ್ನು ಬದಿಗೆ ಸರಿಸಿ ಎದ್ದು ನಿಂತಿದ್ದಳು. ಮೊದಲು ಅವ್ವನನ್ನು ನೋಡಿದಳು, ಆಮೇಲೆ ಹೊರಗೆ ನಿಂತ ಬಂಡಿಯನ್ನು.

"ಅಜ್ಜೀ," ಎಂದಳು, "ಆಕಳ ಬುಡಕ ಯಾರ ಗುರುತಿತ್ತಬೇ?"